ಹಳೆಯ ಡೆಸ್ಕ್‌ಟಾಪ್‌ಗೆ ಇನ್ನೆರಡು ಸಾಟಾ ಪೋರ್ಟ್

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಪುತ್ತೂರು, ಸುಳ್ಯ, ಕಡಬದ ಯಕ್ಷಗಾನ ಪ್ರಿಯರಿಗೆ ತಮ್ಮ ಸಂಗ್ರಹವನ್ನು ಒಪ್ಪ ಮಾಡುವ ಪುರುಸೊತ್ತು ಸಿಗುತ್ತದೆ. ಶೇಣಿಯವರ ಅರ್ಥ, ಬಲಿಪರ ಭಾಗವತಿಕೆ ಇರುವ ಕ್ಯಾಸೆಟ್‌ಗಳು, ಮಿನಿ ಡಿವಿ ಟೇಪಿನಲ್ಲಿ ಹಿಡಿದ ಆಟಗಳು, ಜೊತೆಗೆ ಮನೆಯ ಮದುವೆ-ಉಪನಯನದ ವಿಡಿಯೋಗಳು. 90 ನಿಮಿಷದ ಒಂದು ಕ್ಯಾಸೆಟ್ಟನ್ನು ಸಿ.ಡಿ. ಗುಣಮಟ್ಟದಲ್ಲಿ ಇಳಿಸಿದರೆ ಸುಮಾರು 950 ಎಂಬಿ. ಡಿವಿ ಟೇಪಿಗೆ ಗಂಟೆಯೊಂದಕ್ಕೆ 13 ಜಿಬಿ ಬೇಕು. ಬೆಳಗಿನವರೆಗೆ ನಡೆದ ಒಂದೇ ಆಟ 100 ಜಿಬಿ ದಾಟುತ್ತದೆ.

ಹಾಗಾಗಿ ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ಹಾರ್ಡ್ ಡಿಸ್ಕ್ ಸಿಕ್ಕಿಸಲು ಜಾಗ ಸಾಲುವುದಿಲ್ಲ. ನಮ್ಮ ಕಡೆ ಇನ್ನೂ ಓಡುತ್ತಿರುವ ಹಳೆಯ ಯಂತ್ರಗಳಲ್ಲಿ ಇಂಟೆಲ್‌ನ ಜಿ31, ಜಿ41 ಅಥವಾ ಎಚ್61 ಚಿಪ್‌ಸೆಟ್‌ನ ಬೋರ್ಡ್ ಧಾರಾಳವಾಗಿ ಕಾಣಸಿಗುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಸಾಟಾ ಪೋರ್ಟ್ ನಾಲ್ಕು. ವಿಂಡೋಸ್ ಇರುವ ಡಿಸ್ಕಿಗೆ ಒಂದು, ಡಿವಿಡಿ ರೈಟರಿಗೆ ಒಂದು ಹೋದರೆ ಉಳಿಯುವುದು ಎರಡು. ಯುಎಸ್‌ಬಿ ಡಿಸ್ಕ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಜಿ31, ಜಿ41ರಲ್ಲಿರುವುದು ಯುಎಸ್‌ಬಿ 2.0; 100 ಜಿಬಿ ಪ್ರತಿ ಮಾಡಲು ಮುಕ್ಕಾಲು ಗಂಟೆಗೂ ಮೇಲೆ ಹಿಡಿಯುತ್ತದೆ. ಒಳಗೆ ಸಾಟಾದಲ್ಲಿ ಕೂತ ಒಳ್ಳೆಯ ಡಿಸ್ಕಿಗೆ ಅದು ಹತ್ತು-ಹನ್ನೆರಡು ನಿಮಿಷದ ಕೆಲಸ.

ಯಂತ್ರವನ್ನು ಗುಜರಿಗೆ ಕೊಡುವ ಮೊದಲು ಸಿಪಿಯು ಡಬ್ಬ ಬಿಚ್ಚಿ ನೋಡಿ. ಬೋರ್ಡಿನ ಮೇಲೆ ಹೆಬ್ಬೆರಳಿನ ಅಗಲದಷ್ಟೇ ಉದ್ದದ, ಹೆಚ್ಚಾಗಿ ಖಾಲಿಯೇ ಇರುವ ಪಿಸಿಐ ಎಕ್ಸ್‌ಪ್ರೆಸ್ ಎಕ್ಸ್1 ಸ್ಲಾಟ್ ಇರುತ್ತದೆ. ಅಲ್ಲಿಗೆ ಒಂದು ಸಾಟಾ ಕಾರ್ಡ್ ಹಾಕಬಹುದು. ಎಎಸ್‌ಮೀಡಿಯಾದ ಎಎಸ್‌ಎಂ1061 ಚಿಪ್ ಇರುವ ಎರಡು ಪೋರ್ಟಿನ ಕಾರ್ಡೇ ನನ್ನ ಆಯ್ಕೆ. ಅದನ್ನು ವಿಂಡೋಸ್ 7 ಮತ್ತು ನಂತರದವು, ಲಿನಕ್ಸ್ ಎಲ್ಲವೂ ತಾವಾಗಿ ಗುರುತಿಸುತ್ತವೆ. ಅಗ್ಗಕ್ಕೆ ಸಿಗುವ ಹತ್ತು ಪೋರ್ಟಿನ ಕಾರ್ಡುಗಳ ಆಸೆ ಬೇಡ. ಅವುಗಳಲ್ಲಿ ಅನೇಕವು ಎರಡು ಪೋರ್ಟಿನ ಚಿಪ್ಪಿಗೇ ಮಲ್ಟಿಪ್ಲೈಯರ್ ಚಿಪ್ ಸೇರಿಸಿದಂಥವು. ಒಂದೇ ತೋಡಿನ ನೀರನ್ನು ಹತ್ತು ತೋಟಕ್ಕೆ ತಿರುಗಿಸಿದ ಹಾಗೆ. ಒಂದು ಡಿಸ್ಕ್ ಕೈಕೊಟ್ಟರೆ ಪಕ್ಕದವೂ ತಡವರಿಸಬಹುದು.

ವೇಗದ ಲೆಕ್ಕವನ್ನು ತಿಳಿದೇ ಜೋಡಿಸಬೇಕು. ಜಿ31, ಜಿ41ರ ಎಕ್ಸ್1 ಸ್ಲಾಟ್ ಸೆಕೆಂಡಿಗೆ ಹೆಚ್ಚೆಂದರೆ 250 ಎಂಬಿ ಸಾಗಿಸುತ್ತದೆ, ಎಚ್61ರದು 500. ತಿರುಗುವ ಡಿಸ್ಕ್ ಒಂದಕ್ಕೆ ಎರಡೂ ಸಾಕು. ಎಸ್‌ಎಸ್‌ಡಿ ಇದ್ದರೆ ಮಾತ್ರ ಅದನ್ನು ಬೋರ್ಡಿನ ಸ್ವಂತ ಪೋರ್ಟಿನಲ್ಲೇ ಬಿಟ್ಟು, ಸಂಗ್ರಹದ ಡಿಸ್ಕುಗಳನ್ನು ಕಾರ್ಡಿಗೆ ಕೊಡಿ. ಹಳೆಯ ಬಯಾಸ್ ಕೆಲವೊಮ್ಮೆ ಕಾರ್ಡಿನಿಂದ ಬೂಟ್ ಮಾಡುವುದಿಲ್ಲ, ಹಾಗಾಗಿ ವಿಂಡೋಸ್ ಇರುವ ಡಿಸ್ಕ್ ಯಾವುದೇ ಆದರೂ ಬೋರ್ಡಿನ ಪೋರ್ಟಿನಲ್ಲೇ ಇರಲಿ. 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಜಿಪಿಟಿ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡದಿದ್ದರೆ ಮಿಕ್ಕ ಜಾಗ ಕೈಗೆ ಸಿಗದು.

ಕಾರ್ಡಿಗಿಂತ ನಾನು ಹೆಚ್ಚು ಹೆದರುವುದು ಕರೆಂಟಿಗೆ. ಮೂರೂವರೆ ಇಂಚಿನ ಡಿಸ್ಕ್ ತಿರುಗಲು ಶುರುಮಾಡುವಾಗ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ನಾಲ್ಕೈದು ಒಟ್ಟಿಗೆ ಎದ್ದರೆ ಬಳಲಿದ ಎಸ್‌ಎಂಪಿಎಸ್ ತಾಳಲಾರದು. ಮೊದಲು ಅದನ್ನೇ ಬದಲಿಸಿ. ಹಳೆಯ ನಾಲ್ಕು ಪಿನ್ನಿನ ಪವರ್ ತಂತಿಯಿಂದ ಸಾಟಾಕ್ಕೆ ತಿರುಗಿಸುವ ಕನೆಕ್ಟರುಗಳಲ್ಲಿ ಪ್ಲಾಸ್ಟಿಕ್ ಅಚ್ಚೆರೆದು ಮುಚ್ಚಿದವನ್ನು ಕೊಳ್ಳಲೇಬೇಡಿ. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟ ಪ್ರಸಂಗಗಳಿವೆ. ಪ್ರತಿ ತಂತಿಯೂ ಬೇರೆಬೇರೆಯಾಗಿ ಕಾಣುವ, ಒತ್ತಿ ಕೂರಿಸಿದ ಕನೆಕ್ಟರೇ ಆಗಬೇಕು. ಡೇಟಾ ಕೇಬಲಿಗೆ ಲೋಹದ ಕ್ಲಿಪ್ ಇರಲಿ.

ಇನ್ನು ಘಟ್ಟದ ಬುಡದ ನಮ್ಮೂರುಗಳ ಸಿಡಿಲು. ಮುಂಗಾರಿನ ಮೊದಲೂ ಹಿಂಗಾರಿನಲ್ಲೂ ಸಂಜೆಯ ಗುಡುಗು ಕೇಳಿದೊಡನೆ ಪ್ಲಗ್ ಕೀಳಿ, ಇಂಟರ್ನೆಟ್ಟಿನ ತಂತಿಯನ್ನೂ ಬಿಡಿಸಿ. ಯುಪಿಎಸ್ ಒಂದನ್ನೇ ನಂಬಬೇಡಿ. ಮನೆಯ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಶಿಯನ್ನರಿಂದ ಪರೀಕ್ಷೆ ಮಾಡಿಸಿ.

ಹೊಸ ಪೋರ್ಟಿಗೆ ಹಾಕಿದ ಡಿಸ್ಕಿನಲ್ಲಿ ಮೊದಲು ಕ್ಯಾಸೆಟ್‌ಗಳನ್ನು ಇಳಿಸಿ; ನಮ್ಮ ತೇವದಲ್ಲಿ ಟೇಪಿಗೆ ಬೂಷ್ಟು ಹಿಡಿಯುವುದು ಬೇಗ. ಪ್ರತಿಯೊಂದಕ್ಕೂ ಎರಡನೆಯ ಪ್ರತಿ ಮಾಡಿ, ಆ ಡಿಸ್ಕನ್ನು ಬೇರೆ ಊರಿನ ನೆಂಟರ ಮನೆಯ ಕಪಾಟಿನಲ್ಲಿಡಿ.