ಉಲ್ಕಾವರ್ಷದ ಪ್ರಕಟಣೆಗಳಲ್ಲಿ ಕಾಣೆಯಾದ ಎರಡು ಅಂಕಿಗಳು

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಪತ್ರಿಕೆಗಳಲ್ಲಿ ಒಂದೇ ಅಚ್ಚಿನ ಪ್ರಕಟಣೆ ಕಾಣುತ್ತದೆ: 14ರ ಸುಮಾರಿಗೆ ಮಿಥುನ ರಾಶಿಯಿಂದ ಉಲ್ಕೆಗಳ ಸುರಿಮಳೆ, ಗಂಟೆಗೆ 150, ಮಿಥುನದತ್ತ ನೋಡಿ. ಇದನ್ನು ನಂಬಿ ನೀವು ರಾತ್ರಿ ಒಂಬತ್ತಕ್ಕೆ ಮಕ್ಕಳನ್ನು ಶಾಲೆಯ ತಾರಸಿಗೆ ಕರೆದೊಯ್ದರೆ ಗಂಟೆಗೆ ಐದಾರು ಉಲ್ಕೆ ಕಂಡರೆ ಹೆಚ್ಚು. ವಿಜ್ಞಾನಿಗಳು ಸುಳ್ಳು ಹೇಳುತ್ತಾರೆ ಎಂದುಕೊಂಡು ಮಕ್ಕಳು ಮನೆಗೆ ಹೋದರೆ ದೋಷ ಅವರದಲ್ಲ, ಪ್ರಕಟಣೆಯದು.

ಒಂದು ಉಲ್ಕಾವರ್ಷದ ಕಣಗಳು ಬಾಹ್ಯಾಕಾಶದಲ್ಲಿ ಸಮಾಂತರವಾಗಿ ಬರುತ್ತವೆ. ರೈಲು ಹಳಿಗಳು ದೂರದಲ್ಲಿ ಕೂಡಿದಂತೆ ಕಾಣುವ ಹಾಗೆ ಅವುಗಳ ಹಾದಿಗಳೂ ಹಿಂದಕ್ಕೆ ಎಳೆದಾಗ ಒಂದು ಬಿಂದುವಿನಲ್ಲಿ ಸೇರುತ್ತವೆ. ಅದೇ ವಿಕಿರಣ ಬಿಂದು. ಮಿಥುನ ಉಲ್ಕಾವರ್ಷದ ಬಿಂದು ಕ್ಯಾಸ್ಟರ್ ನಕ್ಷತ್ರದ ಹತ್ತಿರವಿದೆ: ವಿಷುವದಂಶ 7 ಗಂಟೆ 28 ನಿಮಿಷ (112 ಡಿಗ್ರಿ), ಘಂಟಾವೃತ್ತಾಂಶ ಉತ್ತರ 33 ಡಿಗ್ರಿ. ಪ್ರಕಟಣೆಗಳು ಬಿಡುವುದು ಈ ಎರಡು ಅಂಕಿಗಳನ್ನೇ. ರಾಶಿಯ ಹೆಸರು ಹೇಳಿದರೆ ಸಾಲದು. ಹೆಸರಿನಿಂದ ಲೆಕ್ಕ ಹಾಕಲಾಗದು.

ಬೆಂಗಳೂರಿನ ಅಕ್ಷಾಂಶ 13 ಡಿಗ್ರಿ. ಅಲ್ಲಿ ಈ ಬಿಂದು ಹುಟ್ಟುವುದು ಸಂಜೆ ಸುಮಾರು ಏಳು ಮುಕ್ಕಾಲಕ್ಕೆ. ಒಂಬತ್ತಕ್ಕೆ ಅದರ ಉನ್ನತಿ ಬರೀ 15 ಡಿಗ್ರಿ. ರಾತ್ರಿ ಎರಡು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಯಾಮ್ಯೋತ್ತರ ವೃತ್ತ ತಲುಪಿದಾಗ 70 ಡಿಗ್ರಿ. 150 ಎಂಬುದು ಬಿಂದು ಖಮಧ್ಯದಲ್ಲಿದ್ದು, 6.5 ಕಾಂತಿಮಾನದ ನಕ್ಷತ್ರವೂ ಕಾಣುವ ಆಕಾಶಕ್ಕೆ ಕೊಟ್ಟ ದರ. ಅದನ್ನು ಉನ್ನತಿಯ ಸೈನ್‌ನಿಂದ ಗುಣಿಸಿ. ಒಂಬತ್ತಕ್ಕೆ ಸುಮಾರು 40, ಎರಡೂಕಾಲಕ್ಕೆ 141. ಊರಿನ ದೀಪಗಳಿಂದಾಗಿ 4.5 ಕಾಂತಿಮಾನದವರೆಗೆ ಮಾತ್ರ ಕಂಡರೆ ಇದು ಮತ್ತೆ ಆರೇಳು ಪಟ್ಟು ಇಳಿಯುತ್ತದೆ. ಒಂಬತ್ತು ಗಂಟೆಯ ಆ ಐದಾರು ಬಂದದ್ದು ಹೀಗೆ! ಆಗಸ್ಟ್‌ನ ಪರ್ಸಿಯಸ್ ಉಲ್ಕಾವರ್ಷ ನಮಗೆ ಇನ್ನೂ ಪ್ರತಿಕೂಲ. ಅದರ ಬಿಂದು (48 ಡಿಗ್ರಿ, ಉತ್ತರ 58 ಡಿಗ್ರಿ) ಇಲ್ಲಿ 45 ಡಿಗ್ರಿಗಿಂತ ಮೇಲೇರದು, ಅಷ್ಟು ಏರುವ ಹೊತ್ತಿಗೆ ಬೆಳಗಾಗಿರುತ್ತದೆ.

ಮಿಥುನದತ್ತ ನೋಡಿ ಎಂಬ ಸಲಹೆಯೂ ಅರೆಬರೆ. ಬಿಂದುವಿನ ಬಳಿ ಕಾಣುವ ಉಲ್ಕೆ ನಮ್ಮತ್ತಲೇ ಬರುವುದರಿಂದ ಅದರ ಗೆರೆ ಗಿಡ್ಡ. ಉದ್ದ ಗೆರೆಗಳು ದೂರದಲ್ಲಿ ಕಾಣುತ್ತವೆ. ನೋಡಬೇಕಾದದ್ದು ತೆರೆದ, ಕತ್ತಲೆಯ ಆಕಾಶವನ್ನು. ಬಿಂದು ಬೇಕಾಗುವುದು ಗೆರೆ ಯಾವ ವರ್ಷದ್ದೆಂದು ನಿರ್ಧರಿಸಲು.

ಈ ಅಂಕಿಗಳ ಬೆಲೆ ತಿಳಿಯಲು 1833ರ ನವೆಂಬರ್ 13ನ್ನು ನೆನೆಯಿರಿ. ಅಮೆರಿಕದಲ್ಲಿ ಅಂದು ಉಲ್ಕೆಗಳು ಸಿಂಹ ರಾಶಿಯ ಒಂದು ಬಿಂದುವಿನಿಂದ ಚಿಮ್ಮಿದವು. ಗಂಟೆಗಳು ಕಳೆದು ಆಕಾಶ ತಿರುಗಿದರೂ ಆ ಬಿಂದು ನಕ್ಷತ್ರಗಳ ಜೊತೆಯಲ್ಲೇ ತಿರುಗಿತು, ಭೂಮಿಗೆ ಅಂಟಿ ನಿಲ್ಲಲಿಲ್ಲ. ಹಾಗಾದರೆ ಉಲ್ಕೆಗಳ ಮೂಲ ವಾತಾವರಣದ ಹೊರಗಿದೆ ಎಂದು ಯೇಲ್‌ನ ಡೆನಿಸನ್ ಓಲ್ಮ್‌ಸ್ಟೆಡ್ ತೀರ್ಮಾನಿಸಿದರು. ಕೇವಲ ‘ಸಿಂಹದ ಕಡೆ’ ಎಂದು ಬರೆದಿದ್ದರೆ ಈ ವಾದ ನಿಲ್ಲುತ್ತಿರಲಿಲ್ಲ.

ತರಗತಿಯಲ್ಲಿ ಬಿಂದು ಗುರುತಿಸುವಾಗ ಇನ್ನೊಂದು ತಪ್ಪು ನುಸುಳುತ್ತದೆ. ಉಲ್ಕೆಯ ಹಾದಿ ಆಕಾಶದಲ್ಲಿ ಮಹಾವೃತ್ತದ ತುಂಡು. ಸಾಮಾನ್ಯ ನಕ್ಷೆಗಳಲ್ಲಿ ಅದು ಬಾಗುತ್ತದೆ, ಸ್ಕೇಲಿಟ್ಟು ಹಿಂದಕ್ಕೆ ಎಳೆದ ಗೆರೆಗಳು ಎಲ್ಲೆಲ್ಲೋ ಕೂಡುತ್ತವೆ. ಗೋಲದ ಕೇಂದ್ರದಿಂದ ಚಪ್ಪಟೆ ಹಾಳೆಗೆ ಬಿಂಬಿಸಿದ ನಕ್ಷೆಯಲ್ಲಿ ಮಾತ್ರ ಎಲ್ಲ ಮಹಾವೃತ್ತಗಳೂ ನೇರ ಗೆರೆಗಳು.

ಅಂಕಿಗಳನ್ನು ಕೊಟ್ಟರೂ ದಿನಾಂಕ ಬಿಡಬಾರದು. 1899ರಲ್ಲಿ 4367 ಬಿಂದುಗಳ ಪಟ್ಟಿ ಪ್ರಕಟಿಸಿದ ಬ್ರಿಟನ್ನಿನ ಡೆನಿಂಗ್ ಅವರು ಅಪಾರ ಶ್ರಮಜೀವಿ. ಆದರೆ ಕೆಲವು ಬಿಂದುಗಳು ವಾರಗಟ್ಟಲೆ ಸರಿಯದೆ ನಿಲ್ಲುತ್ತವೆಂದು ಅವರು ಹಟ ಹಿಡಿದರು. ಭೂಮಿ ಚಲಿಸುವ ದಿಕ್ಕು ದಿನಕ್ಕೆ ಸುಮಾರು ಒಂದು ಡಿಗ್ರಿ ತಿರುಗುವಾಗ ಬಿಂದುವೂ ಸರಿಯಲೇಬೇಕು. ಮಿಥುನ ಉಲ್ಕಾವರ್ಷದ ವಿಷುವದಂಶ ಡಿಸೆಂಬರ್ 10ರಂದು 108 ಡಿಗ್ರಿ, 15ರಂದು 113.