ಯಾತ್ರೆಯೂ ಪ್ರವಾಸವೂ: ಕೆರಿಬಿಯನ್ ಕರಾವಳಿಯ ಹಾದಿಯನ್ನು ಕುರಿತ ಕೆಲವು ಗ್ರಂಥಗಳ ವಿಮರ್ಶೆ

ಊರನ್ನು ಬಿಟ್ಟು ದೂರ ಹೋಗುವುದನ್ನು ಸೂಚಿಸಲು ಯಾತ್ರೆ, ಪ್ರವಾಸ ಎಂಬ ಎರಡು ಸಂಸ್ಕೃತ ಶಬ್ದಗಳು ಕನ್ನಡದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಇವೆರಡನ್ನೂ ಒಂದೇ ಅರ್ಥದಲ್ಲಿ ಪ್ರಯೋಗಿಸುವುದು ಈಗ ವಾಡಿಕೆಯಾಗಿದ್ದರೂ ಧಾತುವನ್ನು ವಿಚಾರಿಸಿದರೆ ಭೇದವು ಸ್ಪಷ್ಟವಾಗುವುದು. ಯಾತ್ರೆಯೆಂಬುದು ಹೋಗು ಎಂಬರ್ಥದ 'ಯಾ' ಧಾತುವಿನಿಂದ ಹುಟ್ಟಿದೆ. ಪ್ರವಾಸವೆಂಬುದು ವಾಸಿಸು ಎಂಬರ್ಥದ 'ವಸ್' ಧಾತುವಿನಿಂದ ಹುಟ್ಟಿದೆ. ಒಂದರಲ್ಲಿ ಗಮನವೇ ಪ್ರಧಾನ. ಇನ್ನೊಂದರಲ್ಲಿ ಪರಸ್ಥಳದ ನಿವಾಸವೇ ಪ್ರಧಾನ. ಮೇಘದೂತದಲ್ಲಿ ಸಂಚರಿಸತಕ್ಕದ್ದು ಮೇಘ. ಆದರೆ ಅದಕ್ಕೆ ಹಾದಿಯನ್ನು ವರ್ಣಿಸಿ ಹೇಳತಕ್ಕವನು ರಾಮಗಿರಿಯಲ್ಲಿ ವಾಸವಾಗಿರುವ ಯಕ್ಷ. ಹಾದಿಯ ಮರ್ಮವನ್ನು ನಿಂತವನ ಬಾಯಿಂದ ಹೇಳಿಸಿದುದರಲ್ಲಿ ಕವಿಯ ವಿವೇಕವು ಕಾಣುತ್ತದೆ.

ಈ ಭೇದವನ್ನು ಇಟ್ಟುಕೊಂಡು ಪ್ರವಾಸಗ್ರಂಥಗಳನ್ನು ಪರೀಕ್ಷಿಸಿದರೆ ಯಾವ ಫಲವು ದೊರೆಯುವುದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಪರೀಕ್ಷೆಗೆ ಕೆರಿಬಿಯನ್ ಸಮುದ್ರದ ದ್ವೀಪಗಳನ್ನು ಆರಿಸಿಕೊಂಡಿರುವುದಕ್ಕೆ ಕಾರಣವುಂಟು. ಅಲ್ಲಿಯ ಅನೇಕ ದ್ವೀಪಗಳಲ್ಲಿ ನಡುವೆ ಕಡಿದಾದ ಬೆಟ್ಟಗಳಿವೆ. ಊರುಗಳೂ ರೇವುಗಳೂ ಅಂಚಿನಲ್ಲಿವೆ. ಆದುದರಿಂದ ಹೆದ್ದಾರಿಯು ಬಹುಮಟ್ಟಿಗೆ ಕಡಲನ್ನು ಅನುಸರಿಸಿಯೇ ಹೋಗುತ್ತದೆ. ಗಾಡಿಯಲ್ಲಿ ಕುಳಿತವನಿಗೆ ಒಂದು ಪಕ್ಕದಲ್ಲಿ ನೀಲಸಮುದ್ರವು ಕಾಣುತ್ತಿರುತ್ತದೆ; ಇನ್ನೊಂದು ಪಕ್ಕದಲ್ಲಿ ಬೆಟ್ಟದ ಇಳಿಜಾರು, ಕಬ್ಬಿನ ಗದ್ದೆ, ಹಳೆಯ ಗಾಣದ ಪಾಳುಗೋಡೆ. ಆ ಗದ್ದೆಗಳಲ್ಲಿ ದುಡಿದವರು ಆಫ್ರಿಕದಿಂದ ಬಲಾತ್ಕಾರವಾಗಿ ತಂದ ಗುಲಾಮರು. ದಾಸ್ಯವನ್ನು ರದ್ದುಪಡಿಸಿದ ಶಾಸನವು ಬ್ರಿಟಿಷ್ ದ್ವೀಪಗಳಲ್ಲಿ ೧೮೩೪ರಲ್ಲಿ ಜಾರಿಗೆ ಬಂದಿತು. ಫ್ರೆಂಚ್ ದ್ವೀಪಗಳಲ್ಲಿ ೧೮೪೮ರಲ್ಲಿ ದಾಸ್ಯವು ರದ್ದಾಯಿತು. ಆದುದರಿಂದ ಈ ಹಾದಿಯಲ್ಲಿ ಹೋಗುವ ಲೇಖಕನು ಯಾವ ಪಕ್ಕಕ್ಕೆ ಮುಖಮಾಡಿ ಕುಳಿತನೆಂಬುದು ಬರಿಯ ಸೌಂದರ್ಯದ ಪ್ರಶ್ನೆಯಲ್ಲ.

ಮೊದಲು ಶುದ್ಧ ಯಾತ್ರೆಯ ಉದಾಹರಣೆಯನ್ನು ನೋಡೋಣ. ಇಂಗ್ಲೆಂಡಿನ ಪ್ರಸಿದ್ಧ ಇತಿಹಾಸಕಾರರೂ ಕಾರ್ಲೈಲರ ಜೀವನಚರಿತ್ರಕಾರರೂ ಆದ ಜೇಮ್ಸ್ ಆಂಥನಿ ಫ್ರೂಡರು ೧೮೮೬ರ ಕೊನೆಯಲ್ಲಿ ಹೊರಟು, ಕೆಲವು ತಿಂಗಳಲ್ಲಿ ಈ ದ್ವೀಪಗಳನ್ನು ಸುತ್ತಿ, ೧೮೮೮ರಲ್ಲಿ 'ದಿ ಇಂಗ್ಲಿಷ್ ಇನ್ ದಿ ವೆಸ್ಟ್ ಇಂಡೀಸ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಇವರ ಗದ್ಯವು ಪ್ರೌಢವಾದುದು. ಬೆಳಕು, ಗಿಡಮರ, ಬಂದರುಗಳ ವರ್ಣನೆಯಲ್ಲಿ ನಿಜವಾದ ಶಕ್ತಿಯಿದೆ. ಆದರೆ ಗ್ರಂಥದ ಗುರಿಯು ವರ್ಣನೆಯಲ್ಲ. ಕರಿಯ ಜನರೇ ಬಹುಸಂಖ್ಯಾತರಾಗಿರುವ ಈ ದ್ವೀಪಗಳಿಗೆ ಸ್ವಯಮಾಡಳಿತವು ಸಲ್ಲದೆಂಬುದೇ ಅದರ ಸಿದ್ಧಾಂತ. ಗವರ್ನರರ ಮನೆಗಳಲ್ಲಿಯೂ ತೋಟದ ಯಜಮಾನರ ಮನೆಗಳಲ್ಲಿಯೂ ಅತಿಥಿಯಾಗಿ, ಅವರ ಸಾರೋಟುಗಳಲ್ಲಿ ಸಂಚರಿಸಿ, ಹೈಟಿಯಲ್ಲಿ ಹಡಗು ತಂಗಿದ ಅಲ್ಪಾವಧಿಯಲ್ಲಿ ದಡಕ್ಕಿಳಿದು ನೋಡಿ, ಲಕ್ಷಾಂತರ ಜನರ ರಾಜಕೀಯ ಯೋಗ್ಯತೆಯನ್ನು ಇವರು ನಿರ್ಣಯಿಸಿಬಿಟ್ಟರು. ರಮ್ಯವಾದ ವರ್ಣನೆಯು ಈ ನಿರ್ಣಯಕ್ಕೆ ಸಾಕ್ಷಿಯಂತೆ ನಿಲ್ಲುತ್ತದೆ: ಪ್ರಕೃತಿಯು ಇಷ್ಟು ಚೆಲುವಾಗಿರುವಲ್ಲಿ ಮನುಷ್ಯನು ಕಾಣದಿದ್ದರೆ ಓದುವವನು ಆ ಕೊರತೆಯನ್ನು ಗಮನಿಸುವುದಿಲ್ಲ.

ಈ ಗ್ರಂಥಕ್ಕೆ ಉತ್ತರವು ಮರುವರ್ಷವೇ ಬಂದಿತು. ಜಾನ್ ಜೇಕಬ್ ಥಾಮಸರು ಟ್ರಿನಿಡಾಡಿನ ಒಬ್ಬ ಉಪಾಧ್ಯಾಯರು. ದಾಸ್ಯದಿಂದ ಆಗತಾನೆ ಬಿಡುಗಡೆ ಹೊಂದಿದ್ದ ಜನರ ನಡುವೆ ಬೆಳೆದು, ಸ್ವಪ್ರಯತ್ನದಿಂದ ವಿದ್ಯೆಯನ್ನು ಗಳಿಸಿ, ೧೮೬೯ರಲ್ಲಿ ಅಲ್ಲಿಯ ಜನರಾಡುವ ಕ್ರಿಯೋಲ್ ಭಾಷೆಗೆ ವ್ಯಾಕರಣವನ್ನು ರಚಿಸಿದವರು. ಗ್ರೆನಡದಲ್ಲಿದ್ದಾಗ ಫ್ರೂಡರ ಪುಸ್ತಕವನ್ನು ಓದಿ, ಅಲ್ಲಿಯ ಪತ್ರಿಕೆಯಲ್ಲಿ ಖಂಡನೆಯನ್ನು ಆರಂಭಿಸಿ, ಲಂಡನ್ನಿಗೆ ಹೋಗಿ ೧೮೮೯ರಲ್ಲಿ 'ಫ್ರೂಡಾಸಿಟಿ' ಎಂಬ ಗ್ರಂಥರೂಪದಲ್ಲಿ ಅದನ್ನು ಹೊರತಂದರು. ಅದೇ ವರ್ಷ ಅಲ್ಲಿಯೇ ತೀರಿಕೊಂಡರು. ಗ್ರಂಥಕರ್ತರ ಹೆಸರಿಗೆ ಧಾರ್ಷ್ಟ್ಯವೆಂಬರ್ಥದ ಇಂಗ್ಲಿಷ್ ಶಬ್ದವನ್ನು ಬೆಸೆದ ಈ ಶೀರ್ಷಿಕೆಯಲ್ಲಿ ವ್ಯಂಗ್ಯವಿದ್ದರೂ ಒಳಗಿರುವುದು ಪ್ರಮಾಣಶಾಸ್ತ್ರದ ಪ್ರಶ್ನೆ. ಯಾರನ್ನು ಕುರಿತು ಬರೆದರೋ ಅವರಲ್ಲಿ ಒಬ್ಬರನ್ನಾದರೂ ಮಾತನಾಡಿಸಿ ತಿಳಿದುಕೊಂಡರೆ? ದಾರಿಯಲ್ಲಿ ಕಂಡುದನ್ನು ಆತಿಥೇಯರ ಅಭಿಪ್ರಾಯದಿಂದ ಅರ್ಥಮಾಡಿದರೆ ಅದು ಪ್ರತ್ಯಕ್ಷವೆನಿಸುವುದೇ? ನಮ್ಮ ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ, ಫ್ರೂಡರು ಶಬ್ದಪ್ರಮಾಣವನ್ನು ಪ್ರತ್ಯಕ್ಷವೆಂದು ಮಂಡಿಸಿದರು; ಆ ಶಬ್ದವೂ ಆಪ್ತವಾಕ್ಯವಲ್ಲ, ಒಂದು ಪಕ್ಷದವರ ಮಾತು. ಒಂದು ಜನದ ಭಾಷೆಗೆ ವ್ಯಾಕರಣವನ್ನು ಬರೆದವನೇ ಆ ಜನವನ್ನು ಮೂಕವೆಂದು ಭಾವಿಸಿದ ಪುಸ್ತಕವನ್ನು ಖಂಡಿಸಿದುದು ಉಚಿತವಾಗಿಯೇ ಇದೆ.

ಇದೇ ಕಾಲದ ಇನ್ನೊಂದು ಗ್ರಂಥದಲ್ಲಿ ಯಾತ್ರೆಯು ಪ್ರವಾಸವಾಗಿ ಪರಿಣಮಿಸುವುದನ್ನು ಕಾಣಬಹುದು. ಲಾಫ್ಕಾಡಿಯೊ ಹರ್ನರು ೧೮೮೭ರ ಬೇಸಗೆಯಲ್ಲಿ ಹಡಗಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಸಾಗಿ ನೋಡಿಬಂದರು. ಬಳಿಕ ಮತ್ತೆ ಹೋಗಿ ಮಾರ್ಟಿನೀಕ್ ದ್ವೀಪದ ಸೇಂಟ್ ಪಿಯೆರ್ ಪಟ್ಟಣದಲ್ಲಿ ನೆಲೆಸಿದರು. ೧೮೯೦ರಲ್ಲಿ ಪ್ರಕಟವಾದ 'ಟೂ ಇಯರ್ಸ್ ಇನ್ ದಿ ಫ್ರೆಂಚ್ ವೆಸ್ಟ್ ಇಂಡೀಸ್' ಎಂಬ ಪುಸ್ತಕದಲ್ಲಿ ಈ ಎರಡು ಅನುಭವಗಳೂ ಅಕ್ಕಪಕ್ಕದಲ್ಲಿವೆ. ಮೊದಲ ಭಾಗದ ಹಡಗಿನ ವೃತ್ತಾಂತದಲ್ಲಿ ವರ್ಣಗಳ ಆಡಂಬರ ಹೆಚ್ಚು: ಕಡಲಿನ ನೀಲಿ, ಬೆಟ್ಟದ ಹಸುರು, ಜನರ ಮೈಬಣ್ಣ ಎಲ್ಲವೂ ಒಂದೇ ಕುಂಚದಿಂದ ಬಳಿದಂತಿವೆ. ಎರಡನೆಯ ಭಾಗದಲ್ಲಿ ಲೇಖಕನ ಕಾಲು ನೆಲಕ್ಕೆ ತಗಲಿದೆ. ಅಲ್ಲಿ ಹೊರೆ ಹೊರುವ ಹೆಂಗಸರನ್ನು ಕುರಿತ ಒಂದು ಪ್ರಬಂಧವುಂಟು. ಪಟ್ಟಣದ ಸರಕನ್ನು ತಲೆಯ ಮೇಲೆ ಹೊತ್ತು ಬೆಟ್ಟದ ಹಾದಿಯಲ್ಲಿ ಬರಿಗಾಲಿನಿಂದ ನಡೆದುಹೋಗುವ ಈ ಸ್ತ್ರೀಯರು ಎಳೆತನದಲ್ಲಿ ಹೊರೆಯನ್ನು ಅಭ್ಯಾಸಮಾಡುವ ಕ್ರಮ, ಹೊರೆಯ ತೂಕ, ನಡೆಯುವ ದೂರ, ದೊರೆಯುವ ಕೂಲಿ ಇವೆಲ್ಲವನ್ನೂ ಹರ್ನರು ವಿಚಾರಿಸಿ ಬರೆದಿದ್ದಾರೆ. ಹಾದಿಯು ಇಲ್ಲಿ ನೋಟಕನ ಆಸನವಲ್ಲ, ಮತ್ತೊಬ್ಬರ ಜೀವನೋಪಾಯ. ಮೈಬಣ್ಣದ ಬಗೆಗಳನ್ನು ಚಪ್ಪರಿಸಿ ಹೇಳುವ ಚಾಪಲ್ಯವು ಈ ಭಾಗದಲ್ಲಿಯೂ ಪೂರ್ಣವಾಗಿ ಹೋಗಿಲ್ಲ. ಆ ದೋಷವನ್ನು ಮುಚ್ಚಬೇಕಾಗಿಲ್ಲ. ಆದರೆ ೧೯೦೨ನೆಯ ಮೇ ೮ರಂದು ಪೆಲೆ ಅಗ್ನಿಪರ್ವತವು ಸಿಡಿದು ಸೇಂಟ್ ಪಿಯೆರ್ ಪಟ್ಟಣವೂ ಅದರ ಸುಮಾರು ೨೮,೦೦೦ ಜನರೂ ನಾಶವಾದ ಮೇಲೆ, ಆ ಪಟ್ಟಣದ ಬೀದಿಯ ದನಿಯನ್ನು ಕೇಳಬೇಕೆಂದರೆ ಈ ಎರಡನೆಯ ಭಾಗವನ್ನು ತೆರೆಯಬೇಕಾಗಿದೆ.

ಹರ್ನರು ಹಾದಿಯಲ್ಲಿ ನಡೆಯುವವರನ್ನು ಕಂಡರು. ಹಾದಿಯೇ ಹೇಗೆ ಹುಟ್ಟಿತೆಂಬುದು ಇನ್ನೊಂದು ಪ್ರಶ್ನೆ. ಟ್ರಿನಿಡಾಡಿನ ರಾಜಧಾನಿಯಾದ ಪೋರ್ಟ್ ಆಫ್ ಸ್ಪೇನಿನ ಕಡೆಯಿಂದ ಬೆಟ್ಟವನ್ನೇರಿ ಮರಾಕಾಸ್ ಕೊಲ್ಲಿಗೆ ಇಳಿಯುವ ಉತ್ತರ ಕರಾವಳಿಯ ರಸ್ತೆಯು ಇಂದು ವಿಹಾರಾರ್ಥಿಗಳಿಗೆ ಬಹು ಪ್ರಿಯವಾದುದು. ಎರಡನೆಯ ಮಹಾಯುದ್ಧದಲ್ಲಿ ಚಗ್ವಾರಾಮಾಸ್ ಎಂಬ ಭೂಶಿರವನ್ನು ಅಮೆರಿಕದ ನೌಕಾನೆಲೆಗೆಂದು ಬ್ರಿಟಿಷ್ ಸರ್ಕಾರವು ಬಿಟ್ಟುಕೊಟ್ಟುದರಿಂದ ನಗರದ ಜನರಿಗೆ ಅಲ್ಲಿಯ ಕಡಲತೀರಗಳು ತಪ್ಪಿಹೋದವು. ಅದಕ್ಕೆ ಬದಲಾಗಿ ಅಮೆರಿಕದವರು ಈ ರಸ್ತೆಯನ್ನು ಕಡಿದುಕೊಟ್ಟರು. ಭೂಶಿರವನ್ನು ಹಿಂದಕ್ಕೆ ಕೊಡಬೇಕೆಂದು ೧೯೬೦ನೆಯ ಏಪ್ರಿಲ್ ೨೨ರಂದು ಎರಿಕ್ ವಿಲಿಯಮ್ಸರ ನಾಯಕತ್ವದಲ್ಲಿ ಜನರು ಮಳೆಯಲ್ಲಿ ಮೆರವಣಿಗೆ ಹೊರಟರು. ಹೀಗೆ ಒಂದು ತೀರದ ನಷ್ಟವೇ ಇನ್ನೊಂದು ತೀರದ ಹಾದಿಯಾಗಿದೆ. ತಿರುವಿನಲ್ಲಿ ನಿಂತು ಕಡಲನ್ನು ಕಂಡು ಹಿಗ್ಗುವುದರಲ್ಲಿ ತಪ್ಪಿಲ್ಲ. ಆದರೆ ಈ ಸಂಗತಿಯನ್ನು ಅರಿಯದ ವರ್ಣನೆಯು ಅರ್ಧ ವರ್ಣನೆಯೇ ಸರಿ.

ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡವರು ಆಂಟಿಗಾ ದ್ವೀಪದಲ್ಲಿ ೧೯೪೯ರಲ್ಲಿ ಹುಟ್ಟಿದ ಜಮೈಕಾ ಕಿಂಕೇಡರು. ೧೯೮೮ರಲ್ಲಿ ಪ್ರಕಟವಾದ ಇವರ 'ಎ ಸ್ಮಾಲ್ ಪ್ಲೇಸ್' ಎಂಬ ಚಿಕ್ಕ ಗ್ರಂಥವು ವಿಮಾನ ನಿಲ್ದಾಣದಿಂದ ಹೋಟೆಲಿಗೆ ಬಾಡಿಗೆ ಮೋಟಾರಿನಲ್ಲಿ ಹೋಗುವ ಹಾದಿಯಿಂದ ಆರಂಭವಾಗುತ್ತದೆ. ಯಾತ್ರಿಕನ ಸ್ಥಾನದಲ್ಲಿ ಕುಳಿತಿರುವವನು ಗ್ರಂಥಕರ್ತೆಯಲ್ಲ, ಓದುಗನೇ. ಮಧ್ಯಮಪುರುಷದಲ್ಲಿ ಅವನನ್ನು ಸಂಬೋಧಿಸುತ್ತ, ಗಾಡಿಯು ಹೊಸದಾಗಿಯೂ ರಸ್ತೆಯು ಹಾಳಾಗಿಯೂ ಇರುವುದೇಕೆ, ಭೂಕಂಪದಲ್ಲಿ ಕೆಟ್ಟ ಗ್ರಂಥಾಲಯವು ವರ್ಷಗಳು ಕಳೆದರೂ ದುರಸ್ತಾಗದಿರುವುದೇಕೆ, ರಾಣಿಯ ಆಗಮನಕ್ಕಾಗಿ ಅವಳು ಹಾಯುವ ರಸ್ತೆಗಳು ಮಾತ್ರ ಹೊಸದಾದುದೇಕೆ ಎಂದು ಒಂದೊಂದಾಗಿ ಬಿಡಿಸಿ ತೋರಿಸುತ್ತಾರೆ. ಯಾತ್ರಿಕನಿಗೆ ಹಳ್ಳಗುಂಡಿಯೂ ಒಂದು ವಿನೋದ; ನಿವಾಸಿಗೆ ಅದು ಆಡಳಿತದ ಲೆಕ್ಕಪತ್ರ. ಗ್ರಂಥದ ಸ್ವರವು ಕಠೋರವೆಂದು ಕೆಲವರು ಆಕ್ಷೇಪಿಸಿರುವುದುಂಟು. ಆದರೆ ಆ ಕೋಪವು ಹೊರಗಿನವರ ಮೇಲೆ ಮಾತ್ರ ತಿರುಗಿದುದಲ್ಲ; ಸ್ವಂತ ದೇಶದ ಅಧಿಕಾರಿಗಳ ಭ್ರಷ್ಟತೆಯನ್ನೂ ಅದು ಅಷ್ಟೇ ನಿರ್ದಾಕ್ಷಿಣ್ಯವಾಗಿ ಸುಡುತ್ತದೆ. ರಸವನ್ನು ಕುರಿತು ಚರ್ಚಿಸುವವರು ಇಲ್ಲಿ ರೌದ್ರವು ಸ್ಥಾನದಲ್ಲಿ ಬಂದಿದೆಯೇ ಎಂದು ಕೇಳಬೇಕೇ ಹೊರತು ಶಾಂತವು ಏಕಿಲ್ಲವೆಂದು ಕೇಳಲಾಗದು.

ಇಲ್ಲಿಗೆ ಒಂದು ಪೂರ್ವಪಕ್ಷವು ಏಳುವುದು. ಅಲ್ಲಿಯೇ ಹುಟ್ಟಿ ಬೆಳೆದವನ ನೋಟವೇ ಸತ್ಯ, ಹೊರಗಿನಿಂದ ಬಂದವನದು ಮಿಥ್ಯೆ ಎಂದು ಹೇಳಿಬಿಡಬಹುದೇ? ಹಾಗೆ ಹೇಳಲು ಗ್ರಂಥಗಳು ಬಿಡುವುದಿಲ್ಲ. ವಿ. ಎಸ್. ನೈಪಾಲರು ೧೯೩೨ರಲ್ಲಿ ಹುಟ್ಟಿದ್ದು ಟ್ರಿನಿಡಾಡಿನ ಚಗ್ವಾನಾಸಿನಲ್ಲಿ. ೧೯೫೦ರಲ್ಲಿ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಹೋದ ಇವರು ೧೯೬೦ರಲ್ಲಿ, ಪ್ರಧಾನಿ ಎರಿಕ್ ವಿಲಿಯಮ್ಸರ ಸೂಚನೆಯಂತೆ, ಈ ಪ್ರದೇಶವನ್ನು ಸುತ್ತಿ ೧೯೬೨ರಲ್ಲಿ 'ದಿ ಮಿಡಲ್ ಪ್ಯಾಸೇಜ್' ಎಂಬ ಗ್ರಂಥವನ್ನು ಪ್ರಕಟಿಸಿದರು. ಆ ಗ್ರಂಥದ ಮುಖಪುಟಕ್ಕೆ ಮುಂದೆಯೇ ಫ್ರೂಡರ ಮಾತು ನಿಂತಿದೆ. ಇತಿಹಾಸವೆನ್ನಿಸುವಂಥ ಸೃಷ್ಟಿಯೇನೂ ಈ ದ್ವೀಪಗಳಲ್ಲಿ ಆಗಲಿಲ್ಲವೆಂಬುದು ಒಳಗಿನ ಪ್ರಸಿದ್ಧ ತೀರ್ಮಾನ. ಸೂಕ್ಷ್ಮವಾದ ಅವಲೋಕನ, ಕ್ಲುಪ್ತವಾದ ವಾಕ್ಯ, ನಿರ್ಭೀತವಾದ ಹಾಸ್ಯ ಇವುಗಳಲ್ಲಿ ನೈಪಾಲರನ್ನು ಮೀರಿಸುವವರು ವಿರಳ. ಆದರೂ ಹುಟ್ಟಿದ ನೆಲದಲ್ಲಿಯೇ ಯಾತ್ರಿಕನಾಗಬಹುದೆಂಬುದಕ್ಕೆ ಈ ಗ್ರಂಥವು ನಿದರ್ಶನ.

ಚಗ್ವಾನಾಸಿನ ಮಗ್ಗುಲಿನಲ್ಲಿಯೇ, ಕರೋನಿ ಬಯಲಿನ ಅಂಚಿನಲ್ಲಿ, ಫೆಲಿಸಿಟಿ ಎಂಬ ಹಳ್ಳಿಯಿದೆ. ೧೮೪೫ರಿಂದ ೧೯೧೭ರ ವರೆಗೆ ಕರಾರಿನ ಕೂಲಿಗಳಾಗಿ ಭಾರತದಿಂದ ಟ್ರಿನಿಡಾಡಿಗೆ ಹೋದ ೧,೪೦,೦೦೦ಕ್ಕೂ ಹೆಚ್ಚು ಜನರ ಸಂತತಿಯವರು ಅಲ್ಲಿ ರಾಮಲೀಲೆಯನ್ನು ಆಡುತ್ತಾರೆ. ಸೇಂಟ್ ಲೂಸಿಯದ ಕವಿ ಡೆರೆಕ್ ವಾಲ್ಕಟರು ೧೯೯೨ರಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸವನ್ನು ಈ ಹಳ್ಳಿಗೆ ಮಿತ್ರರೊಡನೆ ಹೋದ ವೃತ್ತಾಂತದಿಂದಲೇ ಆರಂಭಿಸಿದರು. ಬಹುವರ್ಷ ಟ್ರಿನಿಡಾಡಿನಲ್ಲಿದ್ದರೂ ತಾವು ಇದನ್ನು ಅರಿಯದೆ ಇದ್ದುದನ್ನು ಅವರು ಮರೆಮಾಚುವುದಿಲ್ಲ. ನಾಟಕವೆಂದು ತಾವು ಭಾವಿಸಿದ್ದುದು ಆ ಜನರಿಗೆ ಶ್ರದ್ಧೆಯೆಂದೂ, ದೂರದ ಮೂಲವೊಂದರ ಮಸುಕಾದ ಪ್ರತಿಯೆಂದು ಶೋಕಿಸಬೇಕಾದುದು ಅಲ್ಲಿ ಏನೂ ಇಲ್ಲವೆಂದೂ ಅವರು ಕಂಡುಕೊಂಡರು. ಒಡೆದ ಪಾತ್ರೆಯ ಚೂರುಗಳನ್ನು ಕೂಡಿಸುವ ಪ್ರೀತಿಯು, ಅಖಂಡವಾಗಿದ್ದಾಗ ಅದನ್ನು ಸಹಜವೆಂದು ಎಣಿಸಿದ ಪ್ರೀತಿಗಿಂತ ಬಲವಾದುದೆಂಬ ಅವರ ಉಪಮೆಯು ಈ ದರ್ಶನದಿಂದಲೇ ಹುಟ್ಟಿದೆ. ಒಂದೇ ಬಯಲಿನಲ್ಲಿ ಒಬ್ಬರು ಶೂನ್ಯವನ್ನು ಕಂಡರು. ಇನ್ನೊಬ್ಬರು ಪುನಃಸೃಷ್ಟಿಯನ್ನು ಕಂಡರು. ಆ ಬಯಲಿನ ಮಗನು ಮೊದಲನೆಯವನು, ಅತಿಥಿಯು ಎರಡನೆಯವನು ಎಂಬುದು ಗಮನಾರ್ಹ. ಅದೇ ಉಪನ್ಯಾಸದಲ್ಲಿ ವಾಲ್ಕಟರು, ಪ್ರೀತಿಯು ಸ್ಥಿತಿರೂಪವಾದುದು, ಸಂಚಾರವು ಗತಿರೂಪವಾದುದು, ಆದುದರಿಂದ ಸಂಚಾರಿಯು ಪ್ರೀತಿಸಲಾರನು ಎಂಬ ಅಭಿಪ್ರಾಯವನ್ನು ಮುಂದಿಡುತ್ತಾರೆ. ಇದು ನಮ್ಮ ಯಾತ್ರೆ ಪ್ರವಾಸಗಳ ಧಾತುಭೇದಕ್ಕೆ ಬರೆದ ಭಾಷ್ಯದಂತಿದೆ.

ಇದರಿಂದ ಸಿದ್ಧವಾಗುವುದೇನೆಂದರೆ, ಪ್ರವಾಸಗ್ರಂಥದ ಗುಣವು ಲೇಖಕನ ಜನ್ಮಸ್ಥಾನದಿಂದಲಾಗಲಿ, ಅವನು ಕಳೆದ ದಿನಗಳ ಎಣಿಕೆಯಿಂದಲಾಗಲಿ ನಿರ್ಣಯವಾಗತಕ್ಕದ್ದಲ್ಲ. ವಾಸವೆಂಬುದು ಮನಸ್ಸಿನ ಒಂದು ವೃತ್ತಿ. ತನ್ನ ತೀರ್ಪನ್ನು ತಡೆಹಿಡಿದು ಎದುರಿನವನ ಮಾತಿಗೆ ಎಡೆಗೊಟ್ಟವನು ಒಂದು ಸಂಜೆಯಲ್ಲಿಯೂ ವಾಸಿಸಬಲ್ಲನು. ಎಡೆಗೊಡದವನು ತವರಿನಲ್ಲಿಯೂ ಹಾದುಹೋಗುತ್ತಿರುತ್ತಾನೆ. ನಮ್ಮ ಶಾಲೆ ಕಾಲೇಜುಗಳಲ್ಲಿ ಪ್ರವಾಸಸಾಹಿತ್ಯವನ್ನು ಬೋಧಿಸುವಾಗ ವರ್ಣನಾಭಾಗಗಳನ್ನು ಮಾತ್ರ ಆರಿಸಿ, ಶೈಲಿಯ ಸೊಗಸನ್ನು ತೋರಿಸಿ ಮುಗಿಸುವ ಪದ್ಧತಿಯಿದೆ. ಆ ಪದ್ಧತಿಯಲ್ಲಿ ಫ್ರೂಡರು ಪ್ರಥಮಶ್ರೇಣಿಯಲ್ಲಿಯೇ ಉತ್ತೀರ್ಣರಾಗುವರು. ಥಾಮಸರ ಹೆಸರು ಪಾಠಕ್ಕೇ ಬಾರದು. ಲೇಖಕನು ಎಲ್ಲಿ ಕುಳಿತು ನೋಡಿದನು, ಅವನಿಗೆ ಯಾರು ಉತ್ತರ ಹೇಳಿದರು, ಕಾಲಡಿಯ ಹಾದಿಯು ಯಾರ ದುಡಿಮೆಯಿಂದ ಯಾವ ಬೆಲೆಗೆ ಬಂದಿತು ಎಂಬುದನ್ನು ವಿದ್ಯಾರ್ಥಿಗಳು ಕೇಳುವುದನ್ನು ಕಲಿತರೆ ಸಮುದ್ರದ ನೀಲಿಯು ಕಡಮೆಯಾಗುವುದಿಲ್ಲ. ಹಾದಿಯ ಎರಡನೆಯ ಪಕ್ಕವೂ ಅವರಿಗೆ ಕಾಣತೊಡಗುವುದು.