ಜಪಾನೀ ಭಾಷೆಯೂ ನಿತ್ಯಜೀವನವೂ: ಕೆಲವು ಸಾಧನಗ್ರಂಥಗಳ ವಿಮರ್ಶೆ

1868ರ ಮೇಜಿ ಪುನಃಸ್ಥಾಪನೆ, 1889ರ ಸಂವಿಧಾನ, 1905ರ ರಷ್ಯಾ ವಿಜಯ: ಇವು ನಮ್ಮ ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ವಿಷಯಗಳು. ಆದರೆ ಜಪಾನಿನ ಒಕ್ಕಲಿಗನು ನೆರೆಯವನೊಡನೆ ಹೇಗೆ ಮಾತನಾಡುತ್ತಿದ್ದನು, ಅವನ ಮನೆಯ ಹೆಂಗಸರು ಯಾವುದಕ್ಕೆ ನಗುತ್ತಿದ್ದರು ಎಂದು ಕೇಳಿದರೆ ಉತ್ತರ ದೊರೆಯುವುದು ವಿರಳ. ಈ ಕೊರತೆಯನ್ನು ನೀಗುವ ಗ್ರಂಥಗಳು ಇಲ್ಲವೆಂದಲ್ಲ; ಅವನ್ನು ಆರಿಸುವ ಅಳತೆಗೋಲು ನಮ್ಮಲ್ಲಿ ಸ್ಪಷ್ಟವಾಗಿಲ್ಲ. ಯಾರು ಯಾರೊಡನೆ, ಯಾವ ಸಂದರ್ಭದಲ್ಲಿ ಆಡಿದ ಮಾತೆಂಬುದನ್ನು ತೋರಿಸುವ ಗ್ರಂಥವೇ ಭಾಷೆಗೂ ಜೀವನಕ್ಕೂ ಒಳ್ಳೆಯ ಸಾಧನವೆಂಬುದು ನಮ್ಮ ಅಭಿಪ್ರಾಯ.

ಬಹುಮಂದಿ ಮೊದಲು ಕೈಗೆತ್ತಿಕೊಳ್ಳುವುದು ರೂತ್ ಬೆನೆಡಿಕ್ಟ್ ಅವರ ‘ದಿ ಕ್ರಿಸಾಂತಿಮಮ್ ಅಂಡ್ ದಿ ಸ್ವೋರ್ಡ್’ (1946) ಎಂಬ ಗ್ರಂಥವನ್ನು. ಯುದ್ಧಕಾಲದ ಸಂಶೋಧನೆಯಿಂದ ಹುಟ್ಟಿದ ಈ ಕೃತಿಯ ಕರ್ತೃ ಜಪಾನನ್ನು ಕಂಡವರಲ್ಲ; ಅಮೆರಿಕದಲ್ಲಿದ್ದ ಜಪಾನೀಯರ ಮಾತು, ಗ್ರಂಥ, ಚಲನಚಿತ್ರಗಳೇ ಅವರಿಗೆ ಆಧಾರ. ಋಣ, ಕರ್ತವ್ಯಗಳ ಕಲ್ಪನೆಯನ್ನು ಅವರು ವಿವರಿಸಿರುವ ರೀತಿ ಇಂದಿಗೂ ಓದತಕ್ಕದ್ದು. ಆದರೆ ಅಲ್ಲಿ ಕಾಣುವುದು ‘ಜಪಾನೀಯ’ನೆಂಬ ಒಂದು ಅಚ್ಚು, ಕಾಲಭೇದ, ಪ್ರದೇಶಭೇದ, ಸ್ತ್ರೀಪುರುಷಭೇದಗಳಿಗೆ ಅದರಲ್ಲಿ ಸಾಕಷ್ಟು ಎಡೆಯಿಲ್ಲ. ಚರಿತ್ರಕಾರನಿಗೆ ಇದು ಸಾಲದು.

ಇದಕ್ಕೆ ಪ್ರತಿಯಾಗಿ ಒಂದೇ ಹಳ್ಳಿಯನ್ನು ಕುರಿತ ಎರಡು ಗ್ರಂಥಗಳನ್ನು ಗಮನಿಸೋಣ. ಕ್ಯೂಷೂ ದ್ವೀಪದ ಕುಮಾಮೊಟೊ ಪ್ರಾಂತ್ಯದ ಸುಯೆ ಮುರ ಎಂಬ ಬತ್ತ ಬೆಳೆಯುವ ಹಳ್ಳಿಯಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಜಾನ್ ಎಂಬ್ರೀ ಅವರೂ ಅವರ ಪತ್ನಿ ಎಲಾ ಅವರೂ 1935–36ರಲ್ಲಿ ಸುಮಾರು ಒಂದು ವರ್ಷ ನೆಲೆಸಿದ್ದರು. 1939ರಲ್ಲಿ ಪ್ರಕಟವಾದ ಜಾನ್ ಅವರ ‘ಸುಯೆ ಮುರ’ ಎಂಬ ಗ್ರಂಥವು ಕುಟುಂಬ, ಸಹಕಾರದ ದುಡಿಮೆ, ಚೀಟಿ ಸಂಘ, ಹಬ್ಬಗಳ ವ್ಯವಸ್ಥೆಯನ್ನು ಕ್ರಮವಾಗಿ ನಿರೂಪಿಸುತ್ತದೆ. ಅವರು ದುಭಾಷಿಯ ನೆರವನ್ನು ಪಡೆಯಬೇಕಾಗಿದ್ದಿತು. ಎಲಾ ಅವರಾದರೋ ಜಪಾನಿನಲ್ಲಿ ಬೆಳೆದವರು. ಅಲ್ಲಿನ ಮಾತು ಅವರಿಗೆ ನೀರು ಕುಡಿದಷ್ಟು ಸುಲಭ. ಅವರ ದಿನಚರಿಯ ಆಧಾರದಿಂದ ರಾಬರ್ಟ್ ಸ್ಮಿತ್ ಅವರೊಡನೆ ಸಿದ್ಧಪಡಿಸಿದ ‘ದಿ ವಿಮೆನ್ ಆಫ್ ಸುಯೆ ಮುರ’ 1982ರಲ್ಲಿ ಹೊರಬಂದಿತು. ಅದರಲ್ಲಿ ಹೆಂಗಸರು ಮದ್ಯ ಕುಡಿಯುತ್ತಾರೆ, ಪೋಲಿಹಾಡು ಹಾಡಿ ಕುಣಿಯುತ್ತಾರೆ, ಜಗಳವಾಡುತ್ತಾರೆ, ಗಂಡನನ್ನು ಬಿಟ್ಟು ಮರುಮದುವೆಯಾಗುತ್ತಾರೆ. ತಲೆತಗ್ಗಿಸಿ ನಿಂತ ವಿಧೇಯ ಸ್ತ್ರೀಯ ಚಿತ್ರ ಇಲ್ಲಿ ನಿಲ್ಲುವುದಿಲ್ಲ. ಹೆಂಗಸಾದುದರಿಂದ ಅವರಿಗೆ ಆ ಕೂಟಗಳಲ್ಲಿ ಪ್ರವೇಶ ದೊರೆತುದು ನಿಜ. ಆದರೆ ಭಾಷೆ ಬಾರದಿದ್ದರೆ ಆ ಪ್ರವೇಶದಿಂದ ಹೆಚ್ಚು ಪ್ರಯೋಜನವಾಗುತ್ತಿರಲಿಲ್ಲ.

ಇನ್ನು ಭಾಷೆಯ ಪಠ್ಯಗಳು. ಎಲಿನರ್ ಜಾರ್ಡನ್ ಅವರ ‘ಬಿಗಿನಿಂಗ್ ಜ್ಯಾಪನೀಸ್’ (1962–63) ಸಂಭಾಷಣೆಗೆ ಪ್ರಾಧಾನ್ಯವಿತ್ತು, ಮಾತಿನ ಸಂದರ್ಭವನ್ನು ಎಚ್ಚರದಿಂದ ವಿವರಿಸಿತು. ಆದರೆ ರೋಮನ್ ಲಿಪಿಯಲ್ಲಿಯೇ ನಡೆಯುವ ಆ ಪಾಠದಿಂದ ಓದುವ ಶಕ್ತಿ ಬಾರದು. ಜಪಾನ್ ಫೌಂಡೇಶನ್ 2020ರಿಂದ ಉಚಿತವಾಗಿ ನೀಡುತ್ತಿರುವ ‘ಇರೋದೊರಿ’ ಅಂಗಡಿ, ಕೆಲಸದ ಸ್ಥಳ, ವೈದ್ಯಶಾಲೆಗಳ ಮಾತನ್ನು ಕಲಿಸುತ್ತದೆ. ನಿತ್ಯಜೀವನಕ್ಕೆ ಉತ್ತಮ ಪ್ರವೇಶ, ದಾಖಲೆಗಳನ್ನು ಓದುವುದಕ್ಕೆ ಸಾಲದು. ಇವುಗಳ ನಡುವೆ ಹಾಸೆಗಾವಾ ಮಾಚಿಕೊ ಅವರ ‘ಸಾಜಾಯೆ-ಸಾನ್’ ಎಂಬ ಪತ್ರಿಕಾ ಚಿತ್ರಕಥೆಗೆ ನಾವು ವಿಶೇಷ ಬೆಲೆ ಕೊಡುತ್ತೇವೆ. 1946ರಿಂದ 1974ರವರೆಗೆ ನಡೆದು ಬಂದ ಅದು ಯುದ್ಧಾನಂತರದ ಅಭಾವದಿಂದ ಸಮೃದ್ಧಿಯವರೆಗೆ ಒಂದು ಕುಟುಂಬದ ಮಾತುಕತೆಯನ್ನು ದಾಖಲಿಸಿದೆ.

ಮೇಲೆ ಹೇಳಿದ ಪಠ್ಯಗಳು ಕನ್ನಡಿಗನನ್ನು ಎದುರಿಗಿಟ್ಟುಕೊಂಡು ಬರೆದವಲ್ಲ. ಕ್ರಿಯಾಪದ ಕೊನೆಗೆ ಬರುವುದು, ವಿಭಕ್ತಿ ನಾಮಪದದ ಹಿಂದೆ ಸೇರುವುದು ಇಂಗ್ಲಿಷ್ ಬಲ್ಲವನಿಗೆ ವಿಚಿತ್ರ, ನಮಗೆ ಸಹಜ. ‘ತಾಬೆತೆ ಮಿರು’ ಎಂದರೆ ‘ತಿಂದು ನೋಡು’. ಮನೆಯಿಂದ ಹೊರಡುವವನು ಹೇಳುವ ‘ಇತ್ತೆಕಿಮಾಸು’ ನಮ್ಮ ‘ಹೋಗಿಬರುತ್ತೇನೆ’ ಎಂಬುದೇ. ಇಷ್ಟರಿಂದ ಎರಡು ಭಾಷೆಗಳೂ ಒಂದೇ ಕುಲದವೆಂದು ಸಾಧಿಸಹೊರಡುವುದು ಅವಸರ. ಮೇಲಾಗಿ, ಹೋಲಿಕೆ ದಾರಿ ತಪ್ಪಿಸುವ ಎಡೆಯೂ ಉಂಟು. ನಾವು ಹೊರಗಿನವರ ಮುಂದೆಯೂ ‘ನಮ್ಮ ತಂದೆಯವರು ಬಂದಿದ್ದಾರೆ’ ಎಂದು ಗೌರವದಿಂದ ಹೇಳುತ್ತೇವೆ. ಜಪಾನೀಯನು ಮನೆಯಲ್ಲಿ ತಂದೆಯನ್ನು ‘ಒತೋಸಾನ್’ ಎಂದು ಕರೆದರೂ ಹೊರಗಿನವರೊಡನೆ ‘ಚಿಚಿ’ ಎಂದಷ್ಟೇ ಹೇಳಿ, ತನ್ನವರನ್ನು ತಗ್ಗಿಸಿ ಮಾತನಾಡಬೇಕು. ಇದನ್ನು ಅಗೌರವವೆಂದು ತಿಳಿಯುವವನು ಭಾಷೆಯಲ್ಲಿ ಮಾತ್ರವಲ್ಲ, ಆ ಸಮಾಜವನ್ನು ಅರ್ಥಮಾಡಿಕೊಳ್ಳುವುದರಲ್ಲಿಯೂ ಎಡವುತ್ತಾನೆ.

ಆದುದರಿಂದ ವಿದ್ಯಾರ್ಥಿಯು ‘ಇರೋದೊರಿ’ಯಿಂದ ಆರಂಭಿಸಿ, ಲಿಪಿಯನ್ನು ಮೊದಲಿನಿಂದಲೇ ಅಭ್ಯಾಸ ಮಾಡಿ, ಚಿತ್ರಕಥೆಗೆ ಬರುವುದು ಲೇಸು, ಜೊತೆಜೊತೆಗೆ ಸುಯೆ ಮುರದ ಎರಡು ಗ್ರಂಥಗಳನ್ನೂ ಹೋಲಿಸಿ ಓದಲಿ. ಬೆನೆಡಿಕ್ಟ್ ಅವರನ್ನು ಕೊನೆಗೆ, ಪ್ರಶ್ನಿಸುವ ಶಕ್ತಿ ಬಂದ ಮೇಲೆ, ಓದಬಹುದು. ಕನ್ನಡದ ವ್ಯಾಕರಣವನ್ನು ಆಧಾರವಾಗಿಟ್ಟುಕೊಂಡು ಈ ಸಾಮ್ಯವೈಷಮ್ಯಗಳನ್ನು ವಿವರಿಸುವ ಕೈಪಿಡಿಯೊಂದನ್ನು ಭಾಷಾಶಾಸ್ತ್ರ, ಚರಿತ್ರೆ ಎರಡೂ ವಿಭಾಗಗಳ ಅಧ್ಯಾಪಕರು ಕೂಡಿ ರಚಿಸಿದರೆ, ಪರರ ಕಣ್ಣಿನಿಂದ ಜಪಾನನ್ನು ನೋಡುವ ನಮ್ಮ ಅಭ್ಯಾಸ ಸ್ವಲ್ಪಮಟ್ಟಿಗಾದರೂ ತಪ್ಪೀತು.